ಟೀಚರಮ್ಮನ ಮೂಗು

ಅವನಿಗೆ ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರೊಂದಿತ್ತು. ಕೆಲಸಕ್ಕೆ ಸೇರಿದ ಮೇಲೆ ಅದಕ್ಕೆ ತುಕ್ಕು ಹಿಡಿಯಿತು. ಲಿಫ್ಟು ರಿಪೇರಿ ಮಾಡುವವನು, ಹಾಗಾಗಿ ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಬಾಗಿಲು ಬಡಿಯುವವರಿಗೆ ಉದ್ದದ ಹೆಸರು ಕೂಗುವಷ್ಟು ವ್ಯವಧಾನ ಎಲ್ಲಿರುತ್ತದೆ? ಅವನೂ ಬೇಜಾರು ಮಾಡಿಕೊಳ್ಳಲಿಲ್ಲ. ಕಷ್ಟ ಬಂದಾಗ ಜನಕ್ಕೆ ನೆನಪಾಗುವ ಹೆಸರು, ಇರಲಿ ಬಿಡು ಅಂದುಕೊಂಡ.

ಕೆಲಸದಲ್ಲಿ ಅವನ ಬಂಡವಾಳ ಮೂಗು. ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಗೆ ಹತ್ತಿ, ಬಾಗಿಲು ತೆಗೆದು, ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಿದ್ದ. ಮೋಟಾರಿನ ತಂತಿ ಸುಟ್ಟರೆ ಒಂದು ವಾಸನೆ, ಬ್ರೇಕಿನ ಪಟ್ಟಿ ಉಜ್ಜಿ ಉಜ್ಜಿ ಬಿಸಿಯಾಗಿದ್ದರೆ ಇನ್ನೊಂದು, ಗ್ರೀಸು ಹಳತಾಗಿದ್ದರೆ ಮತ್ತೊಂದು. ಜೊತೆಯವರು ಮೀಟರು ಹಿಡಿದು ತಡಕಾಡುತ್ತಿರುವಾಗಲೇ ಇವನು "ಬ್ರೇಕು" ಅಂದುಬಿಡುತ್ತಿದ್ದ, ಅದು ಸಾಮಾನ್ಯವಾಗಿ ಬ್ರೇಕೇ ಆಗಿರುತ್ತಿತ್ತು. ಕಂಡಕಂಡಲ್ಲಿ ಮೂಗು ತೂರಿಸುವವರನ್ನು ಜನ ಬೈಯುತ್ತಾರೆ. ಇವನಿಗೆ ಅದಕ್ಕೇ ಸಂಬಳ ಕೊಡುತ್ತಿದ್ದರು.

ಬಾಡಿಗೆಗೆ ಕೋಣೆ ಹುಡುಕುವಾಗ ಮಾತ್ರ ಅವನು ಒಂದು ಹೊಸ ಸಂಗತಿ ಕಲಿತ. ಮನೆಯವರು ಹೆಸರಿಗಿಂತ ಮೊದಲು ಊಟ ಕೇಳುತ್ತಾರೆ. ಕೆಲವರು ನೇರವಾಗಿ ಕೇಳಿದರು. ಕೆಲವರು ಸುತ್ತಿ ಬಳಸಿ, ನಿಮ್ಮ ಮನೇಲಿ ಅಡುಗೆ ಹೇಗೆ ಅಂತ ವಿಚಾರಿಸಿದರು. ಮಾಂಸ ತಿನ್ನುವವನು ಅಂತ ಗೊತ್ತಾದ ಕೂಡಲೇ ಖಾಲಿ ಬಿದ್ದಿದ್ದ ಕೋಣೆಗೆ ಎಲ್ಲಿಂದಲೋ ಒಬ್ಬ ಸೋದರಳಿಯ ವಕ್ಕರಿಸುತ್ತಿದ್ದ. ಹೀಗೆ ಎಷ್ಟೋ ಸೋದರಳಿಯರಿಗೆ ಜಾಗ ಬಿಟ್ಟುಕೊಟ್ಟು ಸುಸ್ತಾಗಿ ಅವನು ಟೀಚರಮ್ಮನ ಮನೆ ಬಾಗಿಲು ತಟ್ಟಿದ.

ಟೀಚರಮ್ಮ ಹೊಲಿಗೆ ಟೀಚರಾಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು, ಅವರ ಹೊಲಿಗೆ ಮೆಷೀನು, ಅಡುಗೆಮನೆಯ ಹಿಂದೆ ಒಂದು ಖಾಲಿ ಕೋಣೆ. ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ಕೇಳಿದರು, "ಮಾಂಸ ತಿಂತೀಯೇನಪ್ಪ?"

"ತಿಂತೀನಿ ಟೀಚರಮ್ಮ," ಅಂದು ಅವನು ಹೊರಡಲು ತಯಾರಾಗಿ ಚೀಲ ಎತ್ತಿಕೊಂಡ.

"ಚೀಲ ಇಳಿಸು. ನಿನಗಿಂತ ಮುಂಚೆ ಬಂದವನು ಮೊಟ್ಟೆ ಕೂಡ ಮುಟ್ಟಲ್ಲ ಅಂದ. ಅಂಗಿ ಮೇಲೆ ಮೊಟ್ಟೆಯ ಹಳದಿ ಒಣಗಿ ಕೂತಿತ್ತು. ನನಗೆ ಮೂಗು ಹೋಗಿದೆ, ಕಣ್ಣು ಹೋಗಿಲ್ಲ. ನೀನು ನಿಜ ಹೇಳಿದೆ, ಕೋಣೆ ನಿನಗೆ. ಹೊರಗೆ ಏನು ಬೇಕಾದ್ರೂ ತಿನ್ನು, ನಿನ್ನ ಹೊಟ್ಟೆ ನಿನ್ನದು. ನನ್ನ ಒಲೆ ಮೇಲೆ ಮಾತ್ರ ಬೇಡ. ಇಷ್ಟೇ ಕಾನೂನು."

ಅದಕ್ಕಿಂತ ಸುಲಭದ ಕಾನೂನು ಅವನು ಯಾವ ಮನೆಯಲ್ಲೂ ಕೇಳಿರಲಿಲ್ಲ. ಖುಷಿಯಿಂದ ಒಪ್ಪಿಕೊಂಡ.

ಮೂಗು ಹೋದದ್ದು ಒಂದು ಜ್ವರದಲ್ಲಿ. ಜ್ವರ ಬಿಟ್ಟಿತು, ವಾಸನೆ ವಾಪಸ್ಸು ಬರಲಿಲ್ಲ. ಡಾಕ್ಟರು ಬರಬಹುದು, ಬರದೆಯೂ ಇರಬಹುದು ಅಂದರಂತೆ. "ಅಷ್ಟು ಹೇಳೋದಕ್ಕೆ ಡಾಕ್ಟರ್ ಓದಬೇಕಾ?" ಅಂತ ಟೀಚರಮ್ಮ ನಗುತ್ತಿದ್ದರು. ಆದರೆ ಒಂಟಿ ಮನೆಯಲ್ಲಿ ಮೂಗಿಲ್ಲದೆ ಬದುಕುವುದು ನಗುವ ವಿಷಯವಲ್ಲ ಅನ್ನುವುದು ಲಿಫ್ಟಣ್ಣನಿಗೆ ಬೇಗ ಗೊತ್ತಾಯಿತು. ಕೆಟ್ಟ ಹಾಲು ಕಾಯಿಸಿಬಿಡುತ್ತಿದ್ದರು. ಎಣ್ಣೆ ಕಮಟಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಲಗುವ ಮುಂಚೆ ಸಿಲಿಂಡರಿನ ಮುಂದೆ ನಿಂತು, ಅದರ ಮುಖ ನೋಡಿದರೆ ಅದೇ ಹೇಳಿಬಿಡುತ್ತದೆ ಅನ್ನುವಂತೆ ದಿಟ್ಟಿಸುತ್ತಿದ್ದರು. ಒಂದು ಬೆಳಿಗ್ಗೆ ಅವನೇ ಹಾಲಿನ ಪಾತ್ರೆಗೆ ಬಗ್ಗಿ, "ಇದು ಹೋಯ್ತು ಟೀಚರಮ್ಮ, ಚೆಲ್ಲಿಬಿಡಿ," ಅಂದ. ಅವತ್ತಿನಿಂದ ಅದು ಅವನ ಕೆಲಸವಾಯಿತು. ಟೀಚರಮ್ಮ ಪಾತ್ರೆ ತಂದು ಅವನ ಮೂಗಿನ ಕೆಳಗೆ ಹಿಡಿಯುವರು, "ನೋಡಪ್ಪ," ಅನ್ನುವರು, ಅವನು ತೀರ್ಪು ಕೊಡುವನು.

ತೀರ್ಪು ಕೊಡುವುದರಲ್ಲಿ ಅವನಿಗೆ ಅತಿ ಇಷ್ಟವಾದದ್ದು ಬಟ್ಟೆ. ಹಾಲು, ಎಣ್ಣೆ, ಗ್ಯಾಸು ಎಲ್ಲ ಅಗತ್ಯಕ್ಕೆ. ಆದರೆ ಟೀಚರಮ್ಮ ನಿಜವಾಗಿ ಕಳೆದುಕೊಂಡದ್ದು ಹೊಸ ಬಟ್ಟೆಯ ವಾಸನೆಯನ್ನು. ಯಾರಾದರೂ ಹೊಲಿಯಲು ಹೊಸ ಬಟ್ಟೆ ಕೊಟ್ಟರೆ, ಮಡಿಕೆ ಬಿಚ್ಚುವ ಮೊದಲು ಮುಖಕ್ಕೆ ಒತ್ತಿಕೊಳ್ಳುವುದು ಹುಡುಗಿಯಾಗಿದ್ದಾಗಿನಿಂದ ಅವರ ಅಭ್ಯಾಸ. ಈಗ ಒತ್ತಿಕೊಂಡರೆ ಏನೂ ಇರುತ್ತಿರಲಿಲ್ಲ. ಸಂಕೋಚದಿಂದಲೇ ಅವನ ಕೈಗೆ ಕೊಟ್ಟು, "ಹೇಗಿದೆ ಹೇಳು," ಅನ್ನುತ್ತಿದ್ದರು. ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ. "ಮೊದಲು ಗಂಜಿ. ಅದರ ಹಿಂದೆ ಸ್ವಲ್ಪ ಸೀಮೆಎಣ್ಣೆ ತರಹ, ಬಣ್ಣದ್ದಿರಬೇಕು. ಮಡಿಕೆ ಒಳಗೆ ಮರದ ಕಪಾಟಿನ ವಾಸನೆ." ಟೀಚರಮ್ಮನೂ ಕಣ್ಣು ಮುಚ್ಚಿಕೊಂಡು ಹೂಂ, ಹೂಂ ಅನ್ನುತ್ತಾ ಕೇಳುತ್ತಿದ್ದರು. ಆಗ ಅವರ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು. "ನೀನು ನನ್ನ ಮೂಗು ಕಣಪ್ಪ," ಅಂತ ಅವರು ಮೊದಲ ಸಲ ಅಂದಾಗ ಅವನಿಗೆ ಕೆಲಸದಲ್ಲಿ ಯಾರು ಹೊಗಳಿದಾಗಲೂ ಆಗದಷ್ಟು ಹೆಮ್ಮೆಯಾಯಿತು.

ಅವನು ಬರುವ ಮೊದಲು ಆ ಮೂಗಿನ ಕೆಲಸ ಅರ್ಧಂಬರ್ಧ ಮಾಡುತ್ತಿದ್ದವರು ಪಕ್ಕದ ಮನೆಯ ಡ್ರೈವರಮ್ಮ. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು, ಮನೆಗೆ ಬರುವುದೇ ಅಪರೂಪ. ಎರಡೂ ಮನೆಗಳ ಅಡುಗೆಮನೆ ಕಿಟಕಿಗಳು ಎದುರುಬದುರು, ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಸಂದಿ. ಹೆಂಗಸರಿಬ್ಬರೂ ಅಡುಗೆ ಮಾಡುವಾಗ ಆ ಸಂದಿಯ ಮೇಲೆ ಮಾತು ಹರಿಯುತ್ತಿತ್ತು. "ನಿನ್ನ ಹಾಲು ಉಕ್ಕುತ್ತಿದೆ ಕಣೇ," "ಏನೋ ಸೀಯ್ತಿದೆ ನೋಡೇ," ಅಂತ ಡ್ರೈವರಮ್ಮ ಅಲ್ಲಿಂದಲೇ ಕೂಗುತ್ತಿದ್ದರು.

ಒಬ್ಬರು ಎಲೆ ಸೊಪ್ಪಿನವರು, ಇನ್ನೊಬ್ಬರು ಕೋಳಿ, ಮೀನು ಇಲ್ಲದೆ ಊಟ ಇಳಿಯದವರು. ಇವರಿಬ್ಬರ ನಡುವೆ ಒಂದು ರೂಢಿ ಇತ್ತು. ಮಾಂಸ ಒಲೆಗೆ ಏರಿಸುವ ಮುಂಚೆ ಡ್ರೈವರಮ್ಮ "ಮುಚ್ತೀನಿ ಕಣೇ," ಅಂತ ಕೂಗಿ ಕಿಟಕಿ ಮುಚ್ಚುವರು. ಅಡುಗೆ ಮುಗಿದು, ಆಚೆ ಬಾಗಿಲಿನಿಂದ ಘಾಟೆಲ್ಲ ಹೊರಗೆ ಹೋದ ಮೇಲೆ, "ತೆಗೆದೆ," ಅಂತ ಕೂಗಿ ತೆಗೆಯುವರು. ನಡುವೆ ನಿಂತ ಮಾತು ನಿಂತಲ್ಲಿಂದಲೇ ಮುಂದುವರಿಯುವುದು. ಟೀಚರಮ್ಮನನ್ನು ಊಟಕ್ಕೆ ಕರೆದಾಗ ಡ್ರೈವರಮ್ಮ ಗುರುತಿಗೆ ದಾರ ಸುತ್ತಿಟ್ಟ ಬೇರೆ ಚಾಕು ತೆಗೆದು ತರಕಾರಿ ಹೆಚ್ಚುತ್ತಿದ್ದರು. ಒಮ್ಮೆ ಡ್ರೈವರಮ್ಮ ಹಾಸಿಗೆ ಹಿಡಿದಾಗ, ಟೀಚರಮ್ಮ ತಾವೇ ಹೋಗಿ ಮೊಟ್ಟೆ ತಂದುಕೊಟ್ಟಿದ್ದರಂತೆ. ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು, ದಾರಿಯಲ್ಲೇ ಮರಿಯಾಗಿ ಹೊರಗೆ ಬಂದಾವು ಅನ್ನುವ ಹಾಗೆ ಓಡೋಡಿ ಬಂದರು ಅಂತ ಡ್ರೈವರಮ್ಮ ಇವತ್ತಿಗೂ ಆಡಿ ತೋರಿಸುತ್ತಿದ್ದರು.

ಟೀಚರಮ್ಮನ ಮೂಗು ಹೋದ ಮೇಲೂ ಡ್ರೈವರಮ್ಮ ಕಿಟಕಿ ಮುಚ್ಚುವುದು ಬಿಡಲಿಲ್ಲ. ಲಿಫ್ಟಣ್ಣ ಕಾಫಿ ಕುಡಿಯುತ್ತಾ ನಿಂತಿದ್ದಾಗಲೇ ಈ ಮಾತು ಬಂದಿತ್ತು.

"ನನಗೀಗ ಏನೂ ಗೊತ್ತಾಗಲ್ಲವಲ್ಲೇ. ಸೆಖೆಯಲ್ಲಿ ಯಾಕೆ ಮುಚ್ಕೊಂಡು ಬೇಯ್ತೀಯ?" ಅಂದರು ಟೀಚರಮ್ಮ.

"ನಿನಗೆ ಗೊತ್ತಾಗದಿದ್ರೆ ಏನಂತೆ? ನನಗೆ ಗೊತ್ತಾಗುತ್ತಲ್ಲ," ಅಂದು ಡ್ರೈವರಮ್ಮ ಕಿಟಕಿ ಎಳೆದುಕೊಂಡರು.

ಆ ಮಾತು ಲಿಫ್ಟಣ್ಣ ಕೇಳಿದ್ದ. ಕೇಳಿ ನಕ್ಕಿದ್ದ ಕೂಡ. ಮುಂದೆ ಅವನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದ ಅನ್ನುವ ಹಾಗಿಲ್ಲ.

ಶುರುವಾದದ್ದು ಹೊಟ್ಟೆಯಿಂದ. ಹೋಟೆಲಿನ ಊಟ ತಿಂದು ತಿಂದು ಹೊಟ್ಟೆ ಕೆಟ್ಟು, ಒಂದು ವಾರ ಮೋಟಾರು ಕೋಣೆಯ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಊರಿಂದ ಅಮ್ಮ ಫೋನಿನಲ್ಲಿ, "ಕೋಳಿ ತಂದು ನೀನೇ ಬೇಯಿಸ್ಕೊಂಡು ತಿನ್ನೋ, ಹೋಟೆಲಿನವರು ಏನು ಹಾಕ್ತಾರೋ ಏನೋ," ಅಂದರು. ಹೇಗೆ ಮಾಡಬೇಕು ಅಂತಲೂ ಹೇಳಿದರು. ಬೆಳ್ಳುಳ್ಳಿ ಎಷ್ಟು, ಮೆಣಸು ಎಷ್ಟು, ನೀರು ಯಾವಾಗ. ಅವರು ಹೇಳುತ್ತಾ ಹೋದ ಹಾಗೆ ಇವನ ಬಾಯಲ್ಲಿ ನೀರು, ಕಣ್ಣಲ್ಲೂ ಸ್ವಲ್ಪ ನೀರು. ಇಲ್ಲಿಯ ಒಲೆಯ ಕಾನೂನು ಅಮ್ಮನಿಗೆ ಅವನು ಹೇಳಲಿಲ್ಲ.

ಭಾನುವಾರ ಟೀಚರಮ್ಮ ತಮ್ಮ ಅಕ್ಕನ ಮನೆಗೆ ಹೋದರೆ ಬರುವುದು ಸಂಜೆಗೆ. ಅವನು ಒಂದು ಸಣ್ಣ ಬಾಣಲೆ ಕೊಂಡು ತಂದು, ಸ್ಪ್ಯಾನರುಗಳ ನಡುವೆ ಟೂಲ್ ಬ್ಯಾಗಿನಲ್ಲಿ ಅಡಗಿಸಿ ಇಟ್ಟಿದ್ದ. ಮನೆಯ ಪಾತ್ರೆ ಮುಟ್ಟುತ್ತಿಲ್ಲವಲ್ಲ ಅನ್ನುವುದು ಅವನು ತನಗೆ ತಾನೇ ಕೊಟ್ಟುಕೊಂಡ ಸಮಾಧಾನ. ಒಲೆ ಹಚ್ಚುವ ಮುಂಚೆ ಎರಡು ಸಲ ಬೀದಿ ಬಾಗಿಲು ನೋಡಿ ಬಂದ. ತಿನ್ನುವಾಗ ಮಾತ್ರ ನೋಡಲಿಲ್ಲ. ಆಮೇಲೆ ಗ್ರೀಸು ಬಿಡಿಸುವ ಸಾಬೂನಿನಿಂದ ಒಲೆಯನ್ನು ತಿಕ್ಕಿದ, ನೆಲ ಒರೆಸಿದ, ಕಿಟಕಿ ತೆರೆದಿಟ್ಟ. ಸಂಜೆ ಬಂದ ಟೀಚರಮ್ಮ ಒಲೆ ನೋಡಿ, "ಅಯ್ಯೋ, ಕನ್ನಡಿ ಮಾಡಿಟ್ಟಿದ್ದೀಯಲ್ಲಪ್ಪ. ಯಾವ ಮಗ ಮಾಡ್ತಾನೆ ಹೀಗೆ?" ಅಂದರು.

ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಇನ್ನು ಯಾವತ್ತೂ ಇಲ್ಲ ಅಂತ ಅವತ್ತೇ ನಿರ್ಧಾರ ಮಾಡಿದ. ಮುಂದಿನ ಭಾನುವಾರ ಆ ನಿರ್ಧಾರ ಸ್ವಲ್ಪ ಸಡಿಲವಾಯಿತು. ಅದರ ಮುಂದಿನ ಭಾನುವಾರದ ಹೊತ್ತಿಗೆ ನಿರ್ಧಾರ ಇತ್ತು ಅನ್ನುವುದೇ ಮರೆತುಹೋಯಿತು. ಯಾರಿಗೂ ನೋವಾಗುತ್ತಿಲ್ಲ, ಯಾರಿಗೂ ಗೊತ್ತೂ ಆಗುತ್ತಿಲ್ಲ ಅಂತ ಅವನ ಲೆಕ್ಕ. ಆ ಮನೆಯಲ್ಲಿ ಇದ್ದ ಮೂಗು ಒಂದೇ, ಅದು ಅವನದ್ದು.

ಟೀಚರಮ್ಮನೋ ಕಿಟಕಿಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. "ನಮ್ಮ ಲಿಫ್ಟಣ್ಣ ಭಾನುವಾರ ಒಬ್ಬನೇ ಇದ್ರೂ ಬೇಳೆ ಬೇಯಿಸ್ಕೊಂಡು ತಿಂತಾನೆ ಕಣೇ. ತಿನ್ನೋ ಹುಡುಗ, ಆದ್ರೂ ನನಗೋಸ್ಕರ ಒಲೆ ಮೇಲೆ ಮಾಂಸ ಇಡಲ್ಲ."

"ಹೌದಾ?" ಅನ್ನುತ್ತಿದ್ದರು ಡ್ರೈವರಮ್ಮ. ಅಷ್ಟೇ ಅನ್ನುತ್ತಿದ್ದರು.

ಎಡವಟ್ಟಾದದ್ದು ಅಕ್ಕನ ಮನೆಯ ನಲ್ಲಿಯಿಂದ. ಒಂದು ಭಾನುವಾರ ಅಲ್ಲಿ ನಲ್ಲಿ ಮುರಿದು ಅಡುಗೆಮನೆಯೆಲ್ಲ ನೀರಾಯಿತಂತೆ. ಟೀಚರಮ್ಮ ಅಕ್ಕನನ್ನು ಕರೆದುಕೊಂಡು ಮಧ್ಯಾಹ್ನವೇ ವಾಪಸ್ಸು ಬಂದುಬಿಟ್ಟರು. ಲಿಫ್ಟಣ್ಣ ಆಗಷ್ಟೇ ಊಟ ಮುಗಿಸಿ, ಬಾಣಲೆ ತೊಳೆದು ಟೂಲ್ ಬ್ಯಾಗಿಗೆ ಸೇರಿಸಿದ್ದ. ಬೀದಿ ಬಾಗಿಲು ತೆರೆದ ಸದ್ದಿಗೆ ಕೋಣೆಯೊಳಗೆ ಹೋಗಿ ನಿಂತ. ಅಕ್ಕ ಅಡುಗೆಮನೆಗೆ ಕಾಲಿಟ್ಟವರೇ ಸೆರಗು ಮೂಗಿಗೆ ಅಡ್ಡ ಹಿಡಿದರು.

"ಇದೇನೇ ಇದು, ನಿನ್ನ ಅಡುಗೆಮನೇಲಿ ಮಾಂಸದ ವಾಸನೆ?"

"ನಮ್ಮನೇಲಾ? ಸಾಧ್ಯವೇ ಇಲ್ಲ."

"ನಿನಗೆ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ. ಆ ಹುಡುಗ..."

"ಅವನ ಸುದ್ದಿ ಎತ್ತಬೇಡ," ಅಂದರು ಟೀಚರಮ್ಮ. ಅವನು ಗೋಡೆಯ ಈಚೆ ನಿಂತು ಕೇಳಿಸಿಕೊಂಡ. "ಅವನು ಹಾಗೆ ಮಾಡಲ್ಲ. ಇರು, ಅವನನ್ನೇ ಕೇಳೋಣ. ಬಾಪ್ಪ ಇಲ್ಲಿ."

ಅವನು ಹೋದ. ಎದುರಿನ ಕಿಟಕಿ ಹಾರು ಹೊಡೆದಿತ್ತು. ಡ್ರೈವರಮ್ಮನ ಗಂಡ ಊರಲ್ಲಿ ಇರಲಿಲ್ಲ, ಅಲ್ಲಿ ಬೆಳಗಿನಿಂದ ಒಲೆಯೇ ಹತ್ತಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೀನು ನನ್ನ ಮೂಗು. ನೀನೇ ಹೇಳು," ಅಂದರು ಟೀಚರಮ್ಮ. "ವಾಸನೆ ಇದೆಯಾ?"

"ಇದೆ," ಅಂದ.

"ಎಲ್ಲಿಂದ? ಪಕ್ಕದಿಂದ ಬರ್ತಿದೆಯಾ?"

ಅವನ ಮುಂದೆ ಎರಡು ದಾರಿಯಿತ್ತು, ಒಂದು ನಿಜ, ಇನ್ನೊಂದು ಆ ತೆರೆದ ಕಿಟಕಿ. ನಾಲಿಗೆ ತಾನಾಗಿಯೇ ಕಿಟಕಿಯ ಕಡೆ ಹೊರಳಿತು. "ಹೂಂ, ಆ ಕಡೆಯಿಂದ ಇರಬೇಕು ಟೀಚರಮ್ಮ."

ಅಕ್ಕ ಕಾಯುತ್ತಿದ್ದವರ ಹಾಗೆ ಹಿಡಿದುಕೊಂಡರು. "ನೋಡಿದೆಯಾ? ಮೂಗು ಇದ್ದಾಗ ಮುಚ್ತಿದ್ದಳು. ಈಗ ನಿನಗೆ ಗೊತ್ತಾಗಲ್ಲವಲ್ಲ, ಮುಚ್ಚಿ ಯಾಕೆ ಕಷ್ಟಪಡಬೇಕು ಅಂತ ಬಿಟ್ಟಿದ್ದಾಳೆ. ನೀನಿದ್ದಾಗ ಮುಚ್ತೀನಿ ಅಂತ ಕೂಗಿದ್ರೆ ಆಯ್ತು, ನೀನಿಲ್ಲದಾಗ ಯಾರು ನೋಡ್ತಾರೆ?"

ಟೀಚರಮ್ಮ ಸ್ಟೂಲಿನ ಮೇಲೆ ಕೂತರು. "ಗೊತ್ತಾಗಲ್ಲ ಅಂತ ಮಾಡಿದಳಲ್ಲ," ಅಂದರು. "ತಿಂದಿದ್ದಕ್ಕೆ ನನಗೇನಿಲ್ಲ. ಗೊತ್ತಾಗಲ್ಲ ಅಂತ ಮಾಡಿದಳಲ್ಲ."

ಆ ಮಾತು ಯಾರಿಗೆ ಸಲ್ಲಬೇಕೋ ಅವನು ಎದುರಿಗೇ ನಿಂತಿದ್ದ. ಮಾತಿನ ಒಂದೊಂದು ಅಕ್ಷರವೂ ತನ್ನದೇ ಅಂತ ಅವನಿಗೆ ಗೊತ್ತಿತ್ತು. ತಿರುಗಿ ಕೋಣೆಗೆ ಹೋದ.

ಮರುದಿನ ಬೆಳಿಗ್ಗೆ ಟೀಚರಮ್ಮ ಕಿಟಕಿಯಲ್ಲಿ ನಿಂತು ಅದನ್ನು ಹೇಳಿಯೇಬಿಟ್ಟರು. ಕೂಗಾಡಲಿಲ್ಲ. ಟೀಚರು ತರಗತಿಯಲ್ಲಿ ಒಳ್ಳೆಯ ಹುಡುಗಿ ತಪ್ಪು ಮಾಡಿದಾಗ ಹೇಳುವ ದನಿ. "ಇಷ್ಟು ವರ್ಷ ಆದಮೇಲೆ ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರಲಿಲ್ಲ. ನೇರವಾಗಿ ಹೇಳಿದ್ರೆ ನಾನೇ ಬೇಡ ಅಂತಿದ್ನಾ?"

ಡ್ರೈವರಮ್ಮನ ಕೈಯಲ್ಲಿ ಒಂದು ಈರುಳ್ಳಿ ಇತ್ತು. ಅವರು ಟೀಚರಮ್ಮನನ್ನು ನೋಡಿದರು, ಆಮೇಲೆ ಅವರ ಭುಜದ ಮೇಲಿಂದ, ಹಿಂದೆ ಲೋಟ ಹಿಡಿದು ನಿಂತಿದ್ದ ಲಿಫ್ಟಣ್ಣನನ್ನು ನೋಡಿದರು. ಈಗ ಬಾಯಿ ಬಿಡುತ್ತಾರೆ ಅಂದುಕೊಂಡ.

"ಇನ್ನು ಮೇಲೆ ಆಗಲ್ಲ ಬಿಡು," ಅಂದರು ಡ್ರೈವರಮ್ಮ. ಕಿಟಕಿ ಮುಚ್ಚಿದರು. ಮುಚ್ತೀನಿ ಕಣೇ ಅನ್ನಲಿಲ್ಲ.

ಆಮೇಲೆ ಬಹಳ ದಿನ ಆ ಕಿಟಕಿ ತೆರೆಯಲಿಲ್ಲ. ಅವನು ಕೋಳಿ ಬೇಯಿಸುವುದನ್ನು ನಿಲ್ಲಿಸಿದ. ಬಾಣಲೆಯನ್ನು ಒಂದು ಕಟ್ಟಡದ ಕಸದ ತೊಟ್ಟಿಗೆ ಎಸೆದ. ಎಸೆದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಟೂಲ್ ಬ್ಯಾಗು ಹಗುರಾಯಿತು, ಅಷ್ಟೇ. ಅಡುಗೆಮನೆಯಲ್ಲಿ ಟೀಚರಮ್ಮ ರೇಡಿಯೋ ಹಚ್ಚಿಟ್ಟುಕೊಂಡು ಅಡುಗೆ ಮಾಡತೊಡಗಿದರು. ಏನಾದರೂ ತಮಾಷೆ ಹೊಳೆದಾಗ ಅಭ್ಯಾಸದ ಮೇಲೆ ಕಿಟಕಿಯ ಕಡೆ ತಿರುಗಿ, ಬಾಯಿ ತೆರೆದು, ಹಾಗೇ ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಿದ್ದ. ಮಾಂಸ ತಿನ್ನುವವನು ಅಂತ ಬಾಗಿಲು ಹಾಕಿದ ಮನೆಗಳನ್ನು ಅವನು ಎಷ್ಟು ಬೈದುಕೊಂಡಿದ್ದ. ನಂಬಿ ಬಾಗಿಲು ತೆರೆದ ಒಂದು ಮನೆಗೆ ಅವನು ಮಾಡಿದ್ದು ಇದು. ನಾಳೆ ಯಾರಾದರೂ ಇನ್ನೊಬ್ಬ ತಿನ್ನುವವನು ಇಲ್ಲಿ ಬಾಗಿಲು ತಟ್ಟಿದರೆ, ಟೀಚರಮ್ಮ ಚೀಲ ಇಳಿಸು ಅನ್ನುತ್ತಾರಾ?

ಹೇಳಿಬಿಡಬೇಕು ಅಂತ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಸಂಜೆ ಟೀಚರಮ್ಮ ಹಾಲಿನ ಪಾತ್ರೆ ಹಿಡಿದು ಬಂದಾಗ ಆ ಧೈರ್ಯ ಹಾಲಿನ ಕೆನೆಯಷ್ಟೂ ಉಳಿದಿರುತ್ತಿರಲಿಲ್ಲ.

ಒಂದು ದಿನ ಅವನು ಕೆಲಸದಿಂದ ಬಂದಾಗ ಬೀದಿಯ ತಿರುವಿನಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿದ. ಒಲೆಯ ಮೇಲಿನ ಪಾತ್ರೆ ಕರಿಕಲಾಗಿ, ಪಕ್ಕದಲ್ಲಿಟ್ಟಿದ್ದ ಬಟ್ಟೆಯ ಅಂಚು ಹೊತ್ತಿ ಆರಿಹೋಗಿತ್ತು. ಟೀಚರಮ್ಮ ಮುಂದಿನ ಕೋಣೆಯಲ್ಲಿ ಮೆಷೀನು ತುಳಿಯುತ್ತಿದ್ದವರು, ಹೊಗೆ ಕಣ್ಣಿಗೆ ಚುರುಗುಟ್ಟಿದ ಮೇಲೆ ಎದ್ದು ಬಂದು ನೀರು ಎರಚಿದ್ದರಂತೆ. ನಗುತ್ತಲೇ ಹೇಳಿದರು, ಆದರೆ ಕೈಯಲ್ಲಿದ್ದ ಖಾಲಿ ಚೊಂಬನ್ನು ಇನ್ನೂ ಕೆಳಗೆ ಇಟ್ಟಿರಲಿಲ್ಲ.

"ಮೊದಲಾಗಿದ್ರೆ ಅವಳು ಅಲ್ಲಿಂದಲೇ ಕೂಗ್ತಿದ್ದಳು," ಅಂದರು. ಆಮೇಲೆ ಅವನ ಬೆನ್ನು ತಟ್ಟಿದರು. "ಹೋಗಲಿ ಬಿಡು. ನೀನಿದ್ದೀಯಲ್ಲ."

ಅವನು ಚಪ್ಪಲಿ ಕೂಡ ಹಾಕಿಕೊಳ್ಳದೆ ನೇರ ಪಕ್ಕದ ಮನೆಗೆ ಹೋದ. ಡ್ರೈವರಮ್ಮ ಬಾಗಿಲು ತೆರೆದು, ಒಳಗೆ ಬಾ ಅನ್ನದೆ, ಹೊಸ್ತಿಲ ಮೇಲೆ ನಿಂತರು.

"ಆ ಭಾನುವಾರದ್ದು ನಾನು ಮಾಡಿದ್ದು," ಅಂದ.

"ಗೊತ್ತು. ಅದೊಂದೇ ಭಾನುವಾರದ್ದಲ್ಲ, ಎಲ್ಲ ಭಾನುವಾರದ್ದೂ ಗೊತ್ತು. ನನಗೇನು ಮೂಗು ಹೋಗಿದೆಯಾ? ಬೆಳ್ಳುಳ್ಳಿನ ಯಾವಾಗಲೂ ಸೀಯಿಸ್ತೀಯ. ಕೋಳಿನ ಅಷ್ಟು ಹೊತ್ತು ಬೇಯಿಸ್ತಾರಾ ಯಾರಾದ್ರೂ? ತಿಂದವರ ಹಲ್ಲಿಗೂ ಕೆಲಸ ಇಲ್ಲ."

ಅವನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. "ಮತ್ತೆ ಯಾಕೆ ಸುಮ್ಮನಿದ್ರಿ? ನನ್ನ ತಪ್ಪನ್ನ ಯಾಕೆ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ?"

"ನಿನ್ನ ಮುಖ ನೋಡಿ ಅಂದ್ಕೊಂಡೆಯಾ?" ಡ್ರೈವರಮ್ಮನ ದನಿ ಗಡುಸಾಯಿತು. "ಹೇಳಿದ್ರೆ ಅವಳು ನಿನ್ನ ಹೊರಗೆ ಹಾಕ್ತಿದ್ದಳು. ಗ್ಯಾಸು ಸೋರಿದ್ರೆ ಅವಳಿಗೆ ಹೇಳೋರು ಯಾರು? ನಾನು ದಿನವಿಡೀ ಕಿಟಕೀಲಿ ಕೂತಿರೋಕಾಗುತ್ತಾ? ಆ ಮನೇಲಿ ಒಂದು ಮೂಗು ಬೇಕಿತ್ತು. ಸುಳ್ಳು ಮೂಗಾದ್ರೂ ಇರಲಿ ಅಂತ ಬಿಟ್ಟೆ."

ಆಮೇಲೆ ಡ್ರೈವರಮ್ಮ ಬೀದಿಯ ಕಡೆ ನೋಡುತ್ತಾ ಅಂದರು, "ಅವಳು ನನ್ನ ಒಂದು ಮಾತು ಕೇಳಲಿಲ್ಲ. ಮಾಡಿದೆಯಾ ಅಂತ ಕೇಳಬಹುದಿತ್ತು. ಅದು ನನ್ನ ಅವಳ ವಿಷಯ, ನೀನು ಅದರಲ್ಲಿ ಬರಬೇಡ. ನಿನ್ನ ವಿಷಯ ನೀನು ಹೋಗಿ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ."

ಅವನು ವಾಪಸ್ಸು ಬಂದಾಗ ಟೀಚರಮ್ಮ ಕರಿ ಹಿಡಿದ ಪಾತ್ರೆಯನ್ನು ನೆನೆಯಲು ಬಿಟ್ಟು, ಬೇರೆ ಪಾತ್ರೆಗೆ ಹಾಲು ಸುರಿಯುತ್ತಿದ್ದರು. ಎಂದಿನಂತೆ ಅವನ ಮೂಗಿನ ಕೆಳಗೆ ಹಿಡಿದರು. "ನೋಡಪ್ಪ, ಬೆಳಗಿಂದು. ಇದೆಯೋ ಹೋಯ್ತೋ?"

"ಚೆನ್ನಾಗಿದೆ," ಅಂದ ಅವನು. ನಂತರ ಹೇಳಿದ. ಹೇಳುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ, ಪಾತ್ರೆಯ ಅಂಚನ್ನೇ ನೋಡುತ್ತಾ ಹೇಳಿದ. ಬಾಣಲೆ, ಟೂಲ್ ಬ್ಯಾಗು, ಭಾನುವಾರಗಳು, ಅಕ್ಕ ಬಂದ ದಿನ, ಆ ಕಿಟಕಿ. ಡ್ರೈವರಮ್ಮ ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ ಅನ್ನುವುದನ್ನೂ ಹೇಳಿದ. ಹೊಟ್ಟೆನೋವಿನ ಮಾತು, ಅಮ್ಮನ ಫೋನಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ಮಾತ್ರ ನುಂಗಿಕೊಂಡ. "ನಾಳೆನೇ ಕೋಣೆ ಖಾಲಿ ಮಾಡ್ತೀನಿ," ಅಂತ ಮುಗಿಸಿದ.

ಬೈಯುತ್ತಾರೆ ಅಂತ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಟೀಚರಮ್ಮ ಪಾತ್ರೆಯೊಳಗೆ ನೋಡುತ್ತಿದ್ದರು.

"ಹಾಗಾದ್ರೆ ಈ ಹಾಲು?" ಅಂದರು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಚೆನ್ನಾಗಿದೆ ಅಂದೆಯಲ್ಲ. ಅದು ನಿಜಾನಾ?"

"ನಿಜ ಟೀಚರಮ್ಮ. ಹಾಲಿನ ವಿಷಯದಲ್ಲಿ ನಾನು ಯಾವತ್ತೂ..."

ಅವರು ಪೂರ್ತಿ ಕೇಳಲಿಲ್ಲ. ಪಾತ್ರೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದರು. ಸೌಟಿನ ಹಿಡಿಯಿಂದ ಎದುರಿನ ಕಿಟಕಿಗೆ ಬಡಿದರು. ಮೊದಲ ಸಲ ಏನೂ ಆಗಲಿಲ್ಲ. ಮತ್ತೆ ಬಡಿದರು. ಕಿಟಕಿ ತೆರೆಯಿತು. ಟೀಚರಮ್ಮ ಸಂದಿಯ ಮೇಲೆ ಕೈ ಚಾಚಿ ಪಾತ್ರೆ ಹಿಡಿದರು.

"ನೋಡೇ. ಕೆಟ್ಟಿದೆಯಾ?"

ಡ್ರೈವರಮ್ಮ ಅವರ ಮುಖ ನೋಡಿದರು, ಪಾತ್ರೆ ನೋಡಿದರು. ಬಗ್ಗಿ ಮೂಸಿದರು. "ಚೆನ್ನಾಗಿದೆ ಕಣೇ," ಅಂದರು.

ಅವನು ಹೇಳಿದ್ದೂ ಅದೇ ಮಾತು. ಟೀಚರಮ್ಮ ಈಗ ಹಾಲನ್ನು ಒಲೆಯ ಮೇಲಿಟ್ಟರು. ಪಾತ್ರೆ ಇಟ್ಟು ಕಿಟಕಿಗೆ ಹಿಂತಿರುಗಿ, "ನಾನು ನಿನ್ನ ಕೇಳಬೇಕಿತ್ತು," ಅಂದರು. ಡ್ರೈವರಮ್ಮ ಕಣ್ಣೊರೆಸಿಕೊಂಡು, "ಕೇಳಬೇಕಿತ್ತು," ಅಂದರು. ಅಷ್ಟರಲ್ಲಿ ಹಾಲು ಉಕ್ಕಿತು, ಕೂಗಿದ್ದು ಡ್ರೈವರಮ್ಮ.

ಟೀಚರಮ್ಮ ಅವನಿಗೆ ಮನೆ ಬಿಡು ಅನ್ನಲಿಲ್ಲ. ಅಕ್ಕ ಎಷ್ಟು ಹೇಳಿದರೂ ಅನ್ನಲಿಲ್ಲ. "ಬೇರೆ ಮನೆ ಸಿಗೋದು ಅವನಿಗೆ ಎಷ್ಟು ಕಷ್ಟ ಅಂತ ನಿನಗೇನು ಗೊತ್ತು," ಅಂದುಬಿಟ್ಟರು. ಬೆಳಗಿನ ಕಾಫಿಯ ಲೋಟ ಮೊದಲಿನಂತೆಯೇ ಅವನಿಗೂ ಬರುತ್ತಿತ್ತು. ಜ್ವರ ಬಂದರೆ ಗಂಜಿ ಕಾಯಿಸಿಕೊಟ್ಟರು, ಅಂಗಿಯ ಗುಂಡಿ ಕಿತ್ತರೆ ಹಾಕಿಕೊಟ್ಟರು. ಎಲ್ಲ ಮೊದಲಿನ ಹಾಗೆ ಅಂತ ಹೊರಗಿನವರು ಅನ್ನಬಹುದು. ಹಾಲಿನ ಪಾತ್ರೆ ಮಾತ್ರ ದಿನಾ ಅವನನ್ನು ದಾಟಿಕೊಂಡು ಕಿಟಕಿಗೆ ಹೋಗುತ್ತಿತ್ತು. ಮಲಗುವ ಮುಂಚೆ ಸಿಲಿಂಡರಿನ ವಾಲ್ವು ತಾವೇ ತಿರುಗಿಸಿ, ಎಳೆ ಮಗುವಿನ ಕೈ ಹಿಡಿದಂತೆ ಒಂದು ಗಳಿಗೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಅವನು ಗುಟ್ಟಾಗಿ, ಅವರು ಮಲಗಿದ ಮೇಲೆ ಬಂದು ಮೂಸಿ ನೋಡಿ ಹೋಗುತ್ತಿದ್ದ. ಈಗ ಆ ಮನೆಯಲ್ಲಿ ಅವನು ಕದ್ದು ಮಾಡುತ್ತಿದ್ದುದು ಅದೊಂದೇ.

ಕೆಲವು ವಾರಗಳ ಮೇಲೆ ಒಂದು ಸಂಜೆ, ಯಾರೋ ಹೊಲಿಯಲು ಹೊಸ ಬಟ್ಟೆ ಕೊಟ್ಟುಹೋದರು. ತಿಳಿ ನೀಲಿ, ಮಡಿಕೆ ಕೂಡ ಮುರಿದಿರಲಿಲ್ಲ. ಲಿಫ್ಟಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ಟೀಚರಮ್ಮ ಬಟ್ಟೆಯನ್ನು ಅಭ್ಯಾಸದಿಂದ ಮುಖಕ್ಕೆ ಒತ್ತಿಕೊಂಡರು, ಇಳಿಸಿದರು. ಅವನ ಪಕ್ಕದಿಂದಲೇ ಹಾದು ಕಿಟಕಿಗೆ ಹೋದರು.

"ಇದು ಹೇಗಿದೆ ಹೇಳೇ, ವಾಸನೆ."

ಡ್ರೈವರಮ್ಮ ಮೂಸಿದರು. ಇನ್ನೊಂದು ಸಲ ಮೂಸಿದರು. "ಬಟ್ಟೆ ವಾಸನೆ ಇದೆ," ಅಂದರು. "ಹೊಸ ಬಟ್ಟೆ, ಇನ್ನೇನು?"

"ಅಷ್ಟೇನಾ?"

"ಅಷ್ಟೇ ಕಣೇ. ಬಟ್ಟೇಲಿ ಇನ್ನೇನಿರುತ್ತೆ?"

ಟೀಚರಮ್ಮ ಕಣ್ಣು ಮುಚ್ಚಿಕೊಂಡು ಇನ್ನೂ ಸ್ವಲ್ಪ ಹೊತ್ತು ಕಾದರು. ಬಟ್ಟೆ ಅವನಿಗೆ ಕೈಯಳತೆಯಲ್ಲೇ ಇತ್ತು. ಗಂಜಿ, ಈ ಸಲ ಜಾಸ್ತಿ. ಅದರ ಹಿಂದೆ ಬಣ್ಣದ್ದು. ಮಡಿಕೆಯೊಳಗೆ ಒಣಗಿದ ಮರ, ಅದಕ್ಕೂ ಒಳಗೆ ಎಲ್ಲೋ ಸಾಬೂನು. ಅವನ ಮೂಗಿಗೆ ಎಲ್ಲ ಬಂದಿತ್ತು, ಒಂದೂ ಬಿಡದೆ. ಲೋಟ ಹಿಡಿದುಕೊಂಡು ನಿಂತೇ ಇದ್ದ. ಟೀಚರಮ್ಮ ಕಣ್ಣು ತೆರೆದು, ಬಟ್ಟೆ ಮಡಚಿಕೊಂಡು, ಮೆಷೀನಿನ ಕಡೆ ಹೋದರು.